ಸ್ಪಿಟ್‌ಫೈರ್‌ಗೆ ಎಲ್ಲೆಡೆ ಒಂದೇ ಸಮ ಚಿಪ್ಪಿಂಗ್ ಬೇಡ
ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ರ 1/32 ಅಳತೆಯ ಮಾಡೆಲ್‌ನಲ್ಲಿ ಎಲ್ಲ ಪ್ಯಾನೆಲ್‌ಗಳಲ್ಲೂ ಚಿಪ್ಪಿಂಗ್ ಮಾಡಿ, ಅಂದರೆ ಬಣ್ಣ ಒಂದೇ ಸಮ ಕಿತ್ತುಬಂದಂತೆ ಮಾಡಿ ಅಂತ ಒಂದು ಲೇಖನ ಹೇಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪೈಲಟ್ ಹತ್ತುತ್ತಿದ್ದದ್ದು ಎಡಗಡೆಯಿಂದ, ಹಾಗಾಗಿ ಸವೆತ ಹೆಚ್ಚು ಕಾಣುವುದು ಎಡ ರೆಕ್ಕೆಯ ಬುಡದಲ್ಲಿ. ಬಾಲದ ಚುಕ್ಕಾಣಿಗೆ (ರಡ್ಡರ್) ಬಟ್ಟೆಯ ಹೊದಿಕೆ, ಅಲ್ಲಿ ಅಲ್ಯೂಮಿನಿಯಂ ಹೊಳೆಯುವ ಮಾತೇ ಇಲ್ಲ. ಮಾಡೆಲ್ ಮೇಲಿನ 1 ಮಿ.ಮೀ. ಚುಕ್ಕೆ ಅಂದರೆ ನಿಜ ವಿಮಾನದಲ್ಲಿ 3.2 ಸೆಂ.ಮೀ. ಎಷ್ಟು ದೊಡ್ಡ ಗಾಯ ನೋಡಿ!

ಚಿಪ್ಪಿಂಗ್ ಮಾಡುವ ಬಗೆ ಹೀಗೆ: ಅಲ್ಯೂಮಿನಿಯಂ ಬಣ್ಣದ ಲ್ಯಾಕರ್ ಪೂರ್ತಿ ಒಣಗಿದ ಮೇಲೆ ಹೇರ್‌ಸ್ಪ್ರೇ ಎರಡು ತೆಳು ಕೋಟ್, ಅದರ ಮೇಲೆ ಅಕ್ರಿಲಿಕ್ ಬಣ್ಣ. ಒಂದು ಗಂಟೆಯೊಳಗೆ ಗಿಡ್ಡ ಬ್ರಷ್ಷನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಮೆಲ್ಲಗೆ ಕುಟ್ಟಿ. ರಾತ್ರಿಯಿಡೀ ಬಿಟ್ಟರೆ ಬಣ್ಣ ಹಟ ಹಿಡಿಯುತ್ತದೆ, ಸುಲಭಕ್ಕೆ ಏಳುವುದಿಲ್ಲ. ಸ್ಪ್ರೇ ದಪ್ಪವಾದರೆ ಹಾಳೆಹಾಳೆಯಾಗಿ ಎದ್ದುಬರುತ್ತದೆ. ಬಣ್ಣ ಕಾಪಾಡುವ ಪಾರದರ್ಶಕ ಕ್ಲಿಯರ್ ಕೋಟ್ ಹೊಡೆಯುವ ತನಕ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಹಚ್ಚುವ ನೀರು ಹತ್ತಿರಕ್ಕೂ ಬರಬಾರದು.