ಸ್ನಾನದ ತೊಟ್ಟಿಯ ವ್ಯಂಗ್ಯಚಿತ್ರ ಚಿಕ್ಕಮಗಳೂರು ಉಪಚುನಾವಣೆಯದಲ್ಲ

ಸ್ನಾನದ ತೊಟ್ಟಿಯಲ್ಲಿ ಮಲಗಿದವರೊಬ್ಬರು ಸಹಿ ಮಾಡಿದ ಕಾಗದವನ್ನು ಬಾಗಿಲಾಚೆಯ ಕೈಗೆ ಕೊಡುತ್ತಿರುವ ವ್ಯಂಗ್ಯಚಿತ್ರ ಚಿಕ್ಕಮಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. 1978ರ ಇಲ್ಲಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಅಣಕಿಸಲು ಬರೆದದ್ದು ಎಂಬ ಒಕ್ಕಣೆಯೂ ಜೊತೆಗಿದೆ. ಇದು ತಪ್ಪು.

ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ. 1975ರ ಡಿಸೆಂಬರ್ 10ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂತು. ತೊಟ್ಟಿಯಲ್ಲಿರುವವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್. ಇನ್ನೂ ಸುಗ್ರೀವಾಜ್ಞೆಗಳಿದ್ದರೆ (ಸಂಸತ್ತು ಸೇರದಿರುವಾಗ ಸರ್ಕಾರ ರಾಷ್ಟ್ರಪತಿಯ ಸಹಿ ಪಡೆದು ತರುವ ತಾತ್ಕಾಲಿಕ ಕಾನೂನು) ಸ್ವಲ್ಪ ಕಾಯಲು ಹೇಳಿ ಎಂಬರ್ಥದ ಮಾತು ಮೂಲದಲ್ಲಿದೆ. ಹರಿದಾಡುವ ಪ್ರತಿಯಲ್ಲಿ ಆ ಸಾಲನ್ನೇ ಕತ್ತರಿಸಿದ್ದಾರೆ, ಎಡವಟ್ಟಾಗಿರುವುದು ಅಲ್ಲೇ. ಸಾಲು ಹೋದರೆ ಉಳಿಯುವುದು ಸ್ನಾನ ಮಾಡುವ ಒಬ್ಬ ಮನುಷ್ಯ, ಯಾವ ಊರಿಗೆ ಬೇಕಾದರೂ ಅಂಟಿಸಬಹುದು!

ತಾರೀಖು ಲೆಕ್ಕ ಹಾಕಿದರೂ ಹೊಂದುವುದಿಲ್ಲ. ಅಹ್ಮದ್ 1977ರ ಫೆಬ್ರವರಿಯಲ್ಲೇ ತೀರಿಕೊಂಡರು. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಲ್ಲಿ ಮತದಾನವಾದದ್ದು 1978ರ ನವೆಂಬರ್‌ನಲ್ಲಿ. ಆಗ ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ, ಪ್ರಧಾನಿ ಮೊರಾರ್ಜಿ ದೇಸಾಯಿ. ವೀರೇಂದ್ರ ಪಾಟೀಲರನ್ನು ಸೋಲಿಸಿದ ಇಂದಿರಾ ಆ ಹೊತ್ತಿಗೆ ಅಧಿಕಾರದಲ್ಲೇ ಇರಲಿಲ್ಲ. ಅವರಿಗಾಗಿ ಸುಗ್ರೀವಾಜ್ಞೆಗೆ ಸಹಿ ಹಾಕುವವರು ಯಾರು?

ಇಂಥದ್ದು ಕೈಗೆ ಬಂದಾಗ ಮೊದಲು ಅಂಚುಗಳನ್ನು ನೋಡಿ. ಕಲಾವಿದರ ಸಹಿ ಸಾಮಾನ್ಯವಾಗಿ ಕೆಳಮೂಲೆಯಲ್ಲಿರುತ್ತದೆ. ಅದು ಅರ್ಧಕ್ಕೆ ತುಂಡಾಗಿದ್ದರೆ ಚಿತ್ರ ಕತ್ತರಿಗೆ ಸಿಕ್ಕಿದೆ ಎಂದೇ ತಿಳಿಯಿರಿ. ಆಮೇಲೆ ಚಿತ್ರದಲ್ಲಿರುವವರು ಯಾವ ವರ್ಷ ಯಾವ ಹುದ್ದೆಯಲ್ಲಿದ್ದರು ಎಂದು ಹೊಂದಿಸಿ ನೋಡಿ.