ಮೀಸೆ ಬಿದ್ದ ಚಹಾ

ಗೋಕಾಕದ ಹತ್ತಿರದ ನಮ್ಮೂರಿನಲ್ಲಿ ಜಾತ್ರೆ ನಾಟಕದ ಕಾನೂನು ಒಂದೇ: ಎಷ್ಟು ಪಟ್ಟಿ ಕೊಡುತ್ತೀರೋ ಅಷ್ಟು ದೊಡ್ಡ ಪಾರ್ಟು. ಸೋದರಮಾವ ಹತ್ತು ಸಾವಿರ ಕೊಟ್ಟು ಗೌಡನಾದ. ಐನೂರು ಕೊಟ್ಟ ನಾನು ಆಳು ದ್ಯಾಮ್ಯಾ. ನನ್ನ ಮಾತು ಒಂದೇ: "ಗೌಡ್ರ, ಚಾ ತಂದೀನ್ರಿ." ಅದಕ್ಕೂ ತಿಂಗಳು ತಾಲೀಮು. 'ತಂದೀನ್ರಿ'ಯೊಳಗ ಭಾವ ಇಲ್ಲ ಎಂದು ಹಾರ್ಮೋನಿಯಂ ಬಾರಿಸುತ್ತ ನಾಟಕ ಕಲಿಸುವ ಪೇಟಿ ಮಾಸ್ತರರು ದಿನಾ ಬೈದರು.

ಆ ರಾತ್ರಿ ನನ್ನ ಮೀಸೆಗೆ ಗೋಂದು ಹಚ್ಚಿದವನಿಗೆ ಅವಸರವಿತ್ತು. ಚಹಾದ ಹಬೆಗೆ ಮೊದಲು ಎಡಗಡೆ ಬಿಟ್ಟಿತು. ಬಲಗಡೆ ಎರಡು ಹೆಜ್ಜೆ ತಡೆದು, ಬುಳಕ್ ಎಂದು ಕಪ್ಪಿನೊಳಗೆ ಬಿತ್ತು. ಮಗಳನ್ನು ಮನೆಯಿಂದ ಹೊರಹಾಕುವ ಸಿಟ್ಟಿನಲ್ಲಿದ್ದ ಮಾವ ನೋಡದೆ ಎತ್ತಿ ಕುಡಿದ. ಕಪ್ಪು ಇಳಿಸಿದರೆ ತುಟಿಯ ಮೇಲೆ ಅವನದು, ಗಡ್ಡಕ್ಕೆ ನನ್ನದು. ನನಗೆ ನಾಟಕ ಮರೆತೇಹೋಯಿತು.

"ಮಾಮಾ, ಮೀಸಿ ಕೊಡ್ರಿ. ಬಾಡಿಗೀದು ಐತಿ."

ಮುಂದಿನ ಐದು ನಿಮಿಷ ನಾಟಕ ನಿಂತಿತು. ಮೈಕಿನಲ್ಲಿ "ಚಾ ತಂದ ದ್ಯಾಮ್ಯಾಗ ಐವತ್ತು ರೂಪಾಯಿ ಆಹೇರಿ!" ಆಮೇಲೆ ಯಾವ ಸೀನು ಬಂದರೂ ಜನರದು ಒಂದೇ ಕೂಗು, "ದ್ಯಾಮ್ಯಾನ ಕಳಸ್ರೀ!" ಮಾಸ್ತರರು ದಬ್ಬಿದಾಗೆಲ್ಲ ಚಹಾ ಹಿಡಿದು ಹೋದೆ. ಗೌಡ ಸಾಯುವ ಸೀನಿಗೂ ಹೋದೆ. ಹೆಣವಾಗಿ ಮಲಗಿದ್ದ ಮಾವ ಒಂದು ಕಣ್ಣು ತೆರೆದ: "ಸತ್ತೇನಲೇ, ಹೋಗು."

ನಮ್ಮ ಸೀಮೆಗೆ ಇದೇನು ಹೊಸದಲ್ಲ. 'ಶ್ರೀಕೃಷ್ಣ ಪಾರಿಜಾತ' ಎಂಬ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು ಇಲ್ಲೇ ಸಮೀಪ. ಪಾರಿಜಾತದಲ್ಲಿ ಕೃಷ್ಣ, ಸತ್ಯಭಾಮೆ ಎಷ್ಟೇ ಹಾಡಲಿ, ನಮ್ಮ ಆಡುಮಾತಿನಲ್ಲಿ ಕಾಲೆಳೆಯುವ ದೂತಿ ಬಂದಳೆಂದರೆ ತೂಕಡಿಸುವ ಮುದುಕರೂ ಸರಿದು ಕೂರುತ್ತಾರೆ. ಅಮೆರಿಕದಲ್ಲೂ ಇದೇ ಹಣೆಬರಹ. 'ಥಿಂಬಲ್ ಥಿಯೇಟರ್' ಎಂಬ ಚಿತ್ರಕಥೆ 1919ರಿಂದ ಪತ್ರಿಕೆಯಲ್ಲಿ ಬರುತ್ತಿತ್ತು. 1929ರ ಜನವರಿಯಲ್ಲಿ ಹಡಗು ನಡೆಸಲೆಂದು ಕೂಲಿಗೆ ಹಿಡಿದ ಒಬ್ಬ ಒಕ್ಕಣ್ಣ ನಾವಿಕ ಅದರಲ್ಲಿ ಬಂದ. ಕೆಲಸ ಮುಗಿಯಿತೆಂದು ಚಿತ್ರಕಾರ ಸೆಗಾರ್ ಅವನನ್ನು ಕಳಿಸಿದರೆ ಓದುಗರು ಬಿಡಲಿಲ್ಲ. ಅವನೇ ಪಾಪಾಯ್. ಹತ್ತು ವರ್ಷದಿಂದ ಅಲ್ಲಿ ಗೌಡಕಿ ಮಾಡುತ್ತಿದ್ದ ಹ್ಯಾಮ್ ಗ್ರೇವಿ ಎಲ್ಲಿ ಹೋದನೋ! ಆಲಿವ್ ಅವನ ಗೆಳತಿಯಾಗಿದ್ದಳು. ಅವಳೂ ಪಾಪಾಯ್ ಕಡೆಗೇ ಬಂದಳು.

ಮಾವ ಆರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಊರಲ್ಲಿ ನನ್ನ ಹೆಸರು ಸತ್ತು ದ್ಯಾಮ್ಯಾ ಉಳಿದ. ಬೀಗರ ಮನೆಯಲ್ಲೂ ಚಹಾ ಹಂಚುವ ಕೆಲಸ ನನಗೇ.

ಮರುವರ್ಷ ಅದೇ ನಾಟಕ. ಮಾವ ಹತ್ತು ಸಾವಿರ ಕೊಟ್ಟು ದ್ಯಾಮ್ಯಾನ ಪಾರ್ಟು ತಗೊಂಡ. ಐನೂರಕ್ಕೆ ನಾನು ಗೌಡ. ಮಾವ ಮೀಸೆಗೆ ತಾನೇ ಅಳೆದು ಗೋಂದು ಹಚ್ಚಿಕೊಂಡು, ಕುದಿಯುವ ಚಹಾ ಮೂಗಿನಡಿ ಹಿಡಿದು ಬಂದ. ಬೀಳಲಿಲ್ಲ. ಕೆಮ್ಮಿದ, ಸೀನಿದ, ಕೊನೆಗೆ ಜನ ನೋಡುವಂತೆಯೇ ಕೈಹಾಕಿ ಎಳೆದ. ಬೆಳಗಾಗುವ ಹೊತ್ತಿಗೆ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅರ್ಧ ಮೀಸೆ ಇನ್ನೂ ಬಿಟ್ಟಿರಲಿಲ್ಲ.