ಲಿಂಕನ್ನಿನ ಟಾಪ್ ಅರ್ಧಕ್ಕೆ ನಿಂತಾಗ

1961ರಿಂದ 1967ರವರೆಗಿನ ಲಿಂಕನ್ ಕಾಂಟಿನೆಂಟಲ್ ಕನ್ವರ್ಟಿಬಲ್ (ಟಾಪ್, ಅಂದರೆ ಚಾವಣಿ, ಮಡಚುವ ಕಾರು) ಅಂದರೆ ಗತ್ತೇ ಗತ್ತು. ನಾಲ್ಕು ಬಾಗಿಲು, 7 ಲೀಟರಿಗೆ ಕಮ್ಮಿಯಿಲ್ಲದ ವಿ8 ಎಂಜಿನ್, ಎರಡೂಕಾಲು ಟನ್ ಮೀರಿದ ಮೈಭಾರ. ಇಂಥ ಗಾಡಿಯ ಮಾನ ಕಳೆಯಲು ಬೆರಳುದ್ದದ ಒಂದು ಲಿಮಿಟ್ ಸ್ವಿಚ್ ಸಾಕು.

ಟಾಪ್ ಇಳಿಸುವ ಗುಂಡಿ ಒತ್ತಿದಿರಿ ಅನ್ನಿ. ಮೊದಲು ಡಿಕ್ಕಿಯ ಬೀಗ ಬಿಡಬೇಕು. ಕೀಲು ಹಿಂದಿರುವುದರಿಂದ ಮುಚ್ಚಳ ಸೀಟಿನ ಕಡೆಗೆ ಬಾಯಿ ತೆರೆಯುತ್ತದೆ. ಆಮೇಲೆ ವಿಂಡ್‌ಶೀಲ್ಡ್ ಅಂಚಿನ ಹಿಡಿತ ಸಡಿಲಾಗಿ, ಟಾಪ್ ಎದ್ದು ಮಡಚಿ ಒಳಗೆ ಮಲಗಬೇಕು. ಸರ್ಕಾರಿ ಕಚೇರಿಯ ಫೈಲಿನಂತೆ, ಹಿಂದಿನ ಟೇಬಲ್ಲಿನವರು ಸಹಿ ಹಾಕದೆ ಮುಂದಿನವರು ಅಲ್ಲಾಡುವುದಿಲ್ಲ. ಹಂತ ಮುಗಿಯಿತೆಂದು ಸಹಿ ಹಾಕುವವರೇ ಲಿಮಿಟ್ ಸ್ವಿಚ್‌ಗಳು. ಒಬ್ಬ ರಜೆ ಹಾಕಿದರೆ ಮುಗಿಯಿತು: ಮುಚ್ಚಳ ಆಕಾಶಕ್ಕೆ, ಟಾಪ್ ಅರ್ಧದಾರಿಗೆ, ಹಿಂದೆ ಹಾರ್ನ್ ಮೇಳ. ಮಳೆಯೂ ಆಗಲೇ ಬರುತ್ತದೆ.

ಎಲ್ಲರೂ ಮೊದಲು, ಎಣ್ಣೆಯ ಒತ್ತಡದಿಂದ ಟಾಪ್ ಎತ್ತುವ ಪಂಪ್ ಬದಲಿಸಲು ಹೊರಡುತ್ತಾರೆ. ದುಡ್ಡು ದಂಡ. ಎಂಜಿನ್ ಚಾಲೂ ಇಟ್ಟು, ಗುಂಡಿ ಒತ್ತಿ, ಕಿವಿಗೊಡಿ. ರಿಲೇ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಟಿಕ್ ಅಂದೂ ಮೋಟಾರ್ ತಿರುಗದಿದ್ದರೆ ಮೋಟಾರಿನ ಬಳಿ ವೋಲ್ಟೇಜ್ ಅಳೆಯಿರಿ. ತುಕ್ಕು ಹಿಡಿದ ಅರ್ಥಿಂಗ್ ತಂತಿಯೇ ಮೊದಲ ಕಳ್ಳ. ಟಿಕ್ ಎನ್ನುವ ಸದ್ದೇ ಇಲ್ಲವೋ, ಕೊನೆಗೆ ಮುಗಿದ ಹಂತದ ಸ್ವಿಚ್ಚನ್ನು ಹಿಡಿಯಿರಿ. ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ, ಅದನ್ನು ಒತ್ತುವ ತಗಡು ಸ್ವಲ್ಪ ಬಾಗಿ ತಾಗುತ್ತಿರುವುದಿಲ್ಲ, ಅಷ್ಟೇ.

ಪಂಪ್ ಕೂಗುತ್ತಿದ್ದರೂ ಟಾಪ್ ಏಳದಿದ್ದರೆ ಎಣ್ಣೆ ನೋಡಿ. ಮೊದಲಿದ್ದದ್ದನ್ನೇ ತುಂಬಿಸಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಇದ್ದಲ್ಲಿಗೆ ಬ್ರೇಕ್ ಎಣ್ಣೆ ಸುರಿದರೆ ಸೀಲುಗಳು ಹಾಳು, ಚೆಲ್ಲಿದ ಕಡೆ ಪೇಂಟೂ ಹೋಗುತ್ತದೆ.

ಹಿಂದಿನ ಬಾಗಿಲಿಗೂ ಒಂದು ಸೊಕ್ಕಿದೆ. ಟಾಪ್ ಏರಿದ್ದಾಗ ಹಿಡಿ ಎಳೆದರೆ ಗಾಜು ತಾನೇ ತುಸು ಇಳಿಯಬೇಕು. ಇಳಿಯದಿದ್ದರೆ ಬಾಗಿಲು ಎಳೆದಾಡಬೇಡಿ, ಅಂಚಿನ ರಬ್ಬರ್ ಹರಿದೀತು. ಗಾಜನ್ನು ಗುಂಡಿಯಿಂದ ಇಳಿಸಿ, ಆಮೇಲೆ ತೆರೆಯಿರಿ.

ಇನ್ನು ಲಗೇಜು: ಟಾಪ್ ಇಳಿದರೆ ಡಿಕ್ಕಿ ಭರ್ತಿ, ಸೂಟ್‌ಕೇಸು ತೊಡೆಯ ಮೇಲೆ.

ಸ್ಪ್ಯಾನರು, ಟೆಸ್ಟ್ ಲ್ಯಾಂಪು, ಒಂದು ಹೆಚ್ಚುವರಿ ರಿಲೇ ಜೊತೆಗಿರಲಿ. ಅವನ್ನು ಇಡುವ ಜಾಗ ಮಾತ್ರ ಮುಂದಿನ ಸೀಟಿನ ಕೆಳಗೆ. ಡಿಕ್ಕಿಯಲ್ಲಿಟ್ಟರೆ ಕೆಟ್ಟ ದಿನ ಡಿಕ್ಕಿಯೇ ತೆರೆಯುವುದಿಲ್ಲ. ಆಗ ಹಿಂದಿನ ಸೀಟಿನ ಬೆನ್ನು ಬಿಚ್ಚಬೇಕು, ಅದನ್ನು ಬಿಚ್ಚಲು ಬೇಕಾದ ಸ್ಪ್ಯಾನರ್ ಒಳಗಿರುತ್ತದೆ.